ಎಲ್ಲ ನಾರ್ಮಲ್ ಎಂದ ಮೇಲೂ ಕಟ್ಟಿದ ಗಂಟಲು

ನನ್ನ ಸರೋಜತ್ತೇ,

ಕಂಪನಿ ನಾಟಕದ ಮಹಾರಾಣಿಯೇ, ಹೆತ್ತವಳಿಗಿಂತ ಹೆಚ್ಚಾಗಿ ಸಾಕಿದವಳೇ! ಒಂದು ವರ್ಷದಿಂದ ನಿನಗೆ ಹೇಳದೆ ಮುಚ್ಚಿಟ್ಟ ಸುದ್ದಿಯೊಂದಿದೆ. ನಿನ್ನ ಅಣ್ಣನ ಮಗಳ ಗಂಟಲು ಕಟ್ಟಿಹೋಗಿತ್ತು.

ನೀನು ನಮ್ಮನ್ನೆಲ್ಲ ಬಿಟ್ಟು ಹೋದ ಎರಡು ತಿಂಗಳಿಗೆ ಅದು ಬಂತು. ನೈರೋಬಿಯ ಸೌತ್ ಬಿಯಲ್ಲಿರುವ ನಮ್ಮ ಮನೆ, ಶನಿವಾರದ ಕಥೆ, ಎದುರಿಗೆ ಹತ್ತು ಕನ್ನಡದ ಮಕ್ಕಳು. ರಾಜ ಮಂತ್ರಿಯ ಮೇಲೆ ಗುಡುಗಬೇಕು. ಬಾಯಿ ತೆರೆದೆ. ಯಾರೋ ಗಂಟಲನ್ನು ಮುಷ್ಟಿಯಲ್ಲಿ ಹಿಡಿದಂತಾಯಿತು! ಎದೆ ನಗಾರಿ, ಎಡಗೈ ಜೋಮು. ಇಲ್ಲೇ ಹುಟ್ಟಿ ಬೆಳೆದ ಪುಟ್ಟಿಯೊಬ್ಬಳು, "ಆಂಟಿ, ಆರ್ ಯೂ ಬಫರಿಂಗ್?" ಅಂದಳು. ಮಕ್ಕಳು ನಕ್ಕರು. ನಾನು ಸಾಯುತ್ತಿದ್ದೇನೆ ಅಂದುಕೊಂಡಿದ್ದೆ. ಮುಂದಿನ ಶನಿವಾರ ಕಥೆ ಇಲ್ಲ ಎಂದೆ. ಅದರ ಮುಂದಿನ ಶನಿವಾರವೂ...

ಇಸಿಜಿ ಹಾಳೆ ಕೈಗೆ ಬಂದ ದಿನ ನನಗೆ ಸಮಾಧಾನವಾಗಬೇಕಿತ್ತು, ಅವಮಾನವಾಯಿತು. ನಾರ್ಮಲ್! ಥೈರಾಯ್ಡ್ ನಾರ್ಮಲ್. ಗಂಟಲಿಗೆ ಕ್ಯಾಮೆರಾ ಇಳಿಸಿದರು, ಅದೂ ನಾರ್ಮಲ್. ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೆನೇ? ನಂಬಲಿಲ್ಲವೆಂದರೆ ಸ್ವರ ಏರಿಸು ಎಂದು ಕಲಿಸಿದವಳು ನೀನೇ ತಾನೆ? ಏರಿಸಿದೆ. ಮುಂದಿನ ಡಾಕ್ಟರ ಎದುರು ಎದೆ ಹಿಡಿದು, ಕುರ್ಚಿಯಿಂದ ಅರ್ಧ ಎದ್ದು, ಕಣ್ಣು ಅಗಲಿಸಿ ವರ್ಣಿಸಿದೆ. ಆತ ಹೆದರಿ ಸ್ಕ್ಯಾನ್ ಬರೆದ. ಅದೂ ನಾರ್ಮಲ್! ನನ್ನ ಗಂಡ ಶ್ರೀಧರ ತಲೆ ಚಚ್ಚಿಕೊಂಡ. "ಲೇ, ನೀನ್ ಹೇಳೋದ್ ಕೇಳಿದ್ರೆ ನಂಗೇ ಎದೆನೋವು ಬರತ್ತೆ ಕಣೆ. ಕಾಯಿಲೇನೂ ಏಕಪಾತ್ರಾಭಿನಯ ಮಾಡ್ತೀಯಲ್ಲ!" ಹಾಗೆ ಅಣಕಿಸಿದವನೇ ಮಾರನೆಯ ದಿನ ಡಿಸೆಂಬರಿಗೆ ಬೆಂಗಳೂರಿನ ಟಿಕೆಟ್ ಮಾಡಿಸಿದ, ನನ್ನೊಬ್ಬಳಿಗೇ. ಅಲ್ಲೇ ಇದ್ದು ಸರಿಯಾಗಿ ತೋರಿಸಿಕೋ ಎಂದ. ನವೆಂಬರಿನ ಕನ್ನಡ ನಾಟಕದಲ್ಲಿ ನನಗೆ ಕೊಟ್ಟಿದ್ದ ಮಹಾರಾಣಿಯ ಪಾತ್ರವನ್ನು ನಾನೇ ಬಿಟ್ಟುಕೊಟ್ಟಿದ್ದೆ. ಧ್ವನಿಯಿಲ್ಲದವಳಿಗೆ ಕಿರೀಟ ಯಾಕೆ?

ಕೊನೆಗೆ ಹೋದದ್ದು ಡಾಕ್ಟರ್ ವಂಜಿರು ಅವರ ಬಳಿಗೆ. ಅವರ ಕೋಣೆ ನಮ್ಮ ಅಡುಗೆಮನೆಗಿಂತ ಚಿಕ್ಕದು. ನನ್ನ ಪೂರ್ತಿ ಪ್ರದರ್ಶನವನ್ನು ಆ ಹೆಂಗಸು ಅಲುಗಾಡದೆ ನೋಡಿದರು. ಆಮೇಲೆ "ಪೋಲೆ ಸಾನಾ, ಮಾಮಾ" ಅಂದರು. ಕಷ್ಟಪಟ್ಟವರಿಗೆ ಇಲ್ಲಿಯವರು ಹೇಳುವ ಮಾತು ಅದು, ಮಾಮಾ ಎಂದರೆ ಅಮ್ಮ. ಅಷ್ಟು ಜನರಲ್ಲಿ ಒಬ್ಬರೂ ನನಗೆ ಅದನ್ನು ಹೇಳಿರಲಿಲ್ಲ. "ಈಗ ಇನ್ನೊಂದ್ಸಲ ಹೇಳಿ. ಮೆತ್ತಗೆ. ಇಲ್ಲಿರೋದು ನಾನೊಬ್ಬಳೇ." ಮೆತ್ತಗೆ ಹೇಳಿದೆ: ಗಂಟಲು ಕಟ್ಟುತ್ತೆ, ಕೈ ಜೋಮು ಹಿಡಿಯುತ್ತೆ, ಕಥೆ ಹೇಳೋಕೆ ಭಯ ಆಗುತ್ತೆ. ಆ ಕೊನೆಯ ಮಾತನ್ನು ಯಾವ ಡಾಕ್ಟರಿಗೂ ಹೇಳಿರಲಿಲ್ಲ, ಅತ್ತೆ. ಅವರು ಬರೆಯುವುದನ್ನು ನಿಲ್ಲಿಸಿದರು. "ನಿಮ್ಮ ನೋವು ನಿಜ. ಅಪಾಯದ ಗುರುತು ಯಾವ ಪರೀಕ್ಷೆಯಲ್ಲೂ ಇಲ್ಲ. ಆತಂಕವೇ ಇದನ್ನ ಮಾಡ್ತಿರಬಹುದು. ಹೊಸದೇನಾದ್ರೂ ಕಂಡ್ರೆ ಬನ್ನಿ, ನೋಡ್ತೀನಿ. ಆದ್ರೆ ಇದು ಹೋಗ್ಲಿ ಅಂತ ಕಾಯ್ತಾ ಕೂರಬೇಡಿ." ಸ್ಕ್ಯಾನಿನ ಬದಲು ಒಬ್ಬ ಆಪ್ತಸಲಹೆಗಾರರ ಹೆಸರು ಬರೆದುಕೊಟ್ಟರು.

ಹಿಂತಿರುಗುವಾಗ ಮಟಾಟು ಎಂಬ ಇಲ್ಲಿಯ ಬಾಡಿಗೆ ವ್ಯಾನಿನಲ್ಲಿ, ಕಿವಿ ಗಡಚಿಕ್ಕುವ ಹಾಡಿನ ನಡುವೆ, ನೀನು ಕಣ್ಣಮುಂದೆ ನಿಂತೆ. ಮುಖಕ್ಕೆ ಬಣ್ಣ, ಮೈಗೆ ಜರಿ, ಸೈಡ್‌ವಿಂಗಿನ ಹಿಂದೆ ಬಗ್ಗಿ ಬಕೆಟ್ಟಿಗೆ ವಾಂತಿ! ಆರು ವರ್ಷದ ನಾನು ನಿನ್ನ ಕಿರೀಟ ಹಿಡಿದು ನಿಲ್ಲುತ್ತಿದ್ದೆ. "ಅತ್ತೆ, ಊಟ ಸೇರ್ಲಿಲ್ವಾ?" "ಹೂಂ ಕಣೇ, ಹುಳಿ ಜಾಸ್ತಿಯಾಯ್ತು." ಬಾಯಿ ಮುಕ್ಕಳಿಸಿ ನೀನು ರಂಗಕ್ಕೆ ನಡೆದುಬಿಡುತ್ತಿದ್ದೆ, ಮರುಕ್ಷಣ ಟೆಂಟೆಲ್ಲ ಗಡಗಡ. ಆಟ ಆಟಕ್ಕೂ ಹುಳಿ ಜಾಸ್ತಿಯಾಗುತ್ತಿತ್ತೇ? ಹೆದರಿಕೆ ಕಣೇ ಅಂತ ನನಗೊಬ್ಬಳಿಗಾದರೂ ಹೇಳಬಾರದಿತ್ತೇ... ಬೈಯಬೇಕೆನಿಸಿತು, ಕಾಲಿಗೆ ಬೀಳಬೇಕೆನಿಸಿತು. ಮನೆಗೆ ಬಂದವಳೇ ನಾಟಕದವರಿಗೆ ಫೋನ್ ಮಾಡಿ ಪಾತ್ರ ವಾಪಸ್ ಕೇಳಿದೆ.

ನಾಟಕದ ದಿನ, ಇಲ್ಲಿಯ ನ್ಗಾರಾ ಬಡಾವಣೆಯ ಸಭಾಂಗಣದಲ್ಲಿ ನನ್ನ ಪ್ರವೇಶದ ಗಂಟೆ ಬಾರಿಸಿದಾಗ ಗಂಟಲು ಸರಿಯಾಗಿ ಅದೇ ಕ್ಷಣಕ್ಕೆ ಕಟ್ಟಿತು. ವಾರ ವಾರ ಸಲಹೆಗಾರರ ಎದುರು ಕೂತು ಕಲಿತಂತೆ ನಿಧಾನವಾಗಿ ಉಸಿರು ಬಿಟ್ಟೆ. ಹೋಗಲಿಲ್ಲ. ಸರಿ, ನೀನೂ ಬಾ ಎಂದು ಅದನ್ನೂ ಕರೆದುಕೊಂಡು ರಂಗಕ್ಕೆ ನುಗ್ಗಿದೆ! ಮೊದಲ ಮಾತು ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯ ದೃಶ್ಯದಲ್ಲಿ ಸಭೆಯನ್ನು ಶಪಿಸಿ ತಿರುಗಿದಾಗ ಹೊಳೆಯಿತು, ಗಂಟಲಿನ ಯೋಚನೆಯೇ ಬಾರದೆ ಎಷ್ಟೋ ಹೊತ್ತಾಗಿತ್ತು! ಚಪ್ಪಾಳೆ, ಶಿಳ್ಳೆ! ಬಣ್ಣದ ಕೋಣೆಗೆ ಶ್ರೀಧರ ಅತ್ತು ಕೆಂಪಾದ ಕಣ್ಣಲ್ಲಿ ಬಂದ. "ಟಿಕೆಟ್ ಕ್ಯಾನ್ಸಲ್ ಮಾಡ್ಬಿಡ್ಲಾ, ಮಹಾರಾಣಿಯೋರೇ?" "ಮಾಡು. ಆಜ್ಞೆ!"

ಪೂರ್ತಿ ವಾಸಿಯಾಯಿತೇ ಎಂದು ಕೇಳಬೇಡ. ಮೊನ್ನೆ ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ಬಂದಿತ್ತು. ನಾನು ಸಾಲು ಬಿಟ್ಟು ಓಡಲಿಲ್ಲ, ಟೊಮೆಟೊ ಕೊಂಡೇ ಬಂದೆ.

ನಿನ್ನೆ ಶನಿವಾರ. ಹತ್ತು ಮಕ್ಕಳೂ ಬಂದರು. ಏಳು ಸಮುದ್ರದಾಚೆಯ ರಾಕ್ಷಸಿ ನಿದ್ದೆಯಿಂದ ಏಳುವ ಜಾಗಕ್ಕೆ ನಾನು ಕೊಟ್ಟ ಘರ್ಜನೆಗೆ ಕಿಟಕಿಯ ಗಾಜು ನಡುಗಿತು. ಎರಡೇ ನಿಮಿಷ. ಬಾಗಿಲು ದಬದಬ! ತೆರೆದರೆ ಕೆಳಗಿನ ಗೇಟಿನ ಗಾರ್ಡ್, ನಡುವಯಸ್ಸಿನವರು, ಕೈಯಲ್ಲಿ ದೊಣ್ಣೆ, ಏದುಸಿರು. "ಮಾಮಾ, ಯಾರು? ಯಾರು ಒಳಗೆ?"

"ರಾಕ್ಷಸಿ" ಎಂದೆ. "ಈಗ ತಾನೇ ಎದ್ದಳು. ಬನ್ನಿ, ಕೂತ್ಕೊಳ್ಳಿ."

ದೊಣ್ಣೆಯನ್ನು ಬಾಗಿಲಿಗೆ ಒರಗಿಸಿ ಅವರು ಮಕ್ಕಳ ನಡುವೆ ಕೂತರು. ಗೇಟು ಎರಡು ಮಹಡಿ ಕೆಳಗೆ, ಅಂಗಳದ ಆಚೆ ತುದಿಯಲ್ಲಿದೆ, ಅತ್ತೆ.

ನಿನ್ನ,
ಜಾನಕಿ