ವಯೋಮಿಂಗಿನ ತಂತಿ

ಡಿಸ್ಕವರಿ ಗಾರ್ಡನ್ಸ್, ದುಬೈ
೫ ಡಿಸೆಂಬರ್ ೨೦೧೫

ಪ್ರೀತಿಯ ನಾಗಮಣಿ ಅಕ್ಕನಿಗೆ ಚಂದ್ರಮತಿಯ ನಮಸ್ಕಾರ.

ಬರೆಯಲು ತಡವಾಯಿತು, ಬೇಸರಿಸಬೇಡ. ಫೋನಿನಲ್ಲಾದರೆ ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಪೆನ್ನು ಹಿಡಿದೆ. ನಿನ್ನ ಮಗನ ಮದುವೆಯ ಓಡಾಟದಲ್ಲಿ ಮಂಡಿನೋವು ಹೆಚ್ಚು ಮಾಡಿಕೊಳ್ಳಬೇಡ.

ಏಪ್ರಿಲಿನಲ್ಲಿ ಇವರು ತೀರಿಕೊಂಡ ಮೇಲೆ ನಮ್ಮ ವೀಸಾಕ್ಕೂ ಆಧಾರವಿಲ್ಲದಾಯಿತು. ಇವರು ಕೆಲಸಕ್ಕಿದ್ದ ಗ್ಯಾರೇಜಿನ ಸರ್ವೋತ್ತಮಣ್ಣ ಶಾಲೆಯ ಟರ್ಮ್ ಮುಗಿಯುವವರೆಗೆ ಹೇಗೋ ತಳ್ಳಿದರು. ಮೊನ್ನೆ ಬಂದು, "ಇನ್ನು ನನ್ನ ಕೈಯಲ್ಲಿ ಎಂತದೂ ಇಲ್ಲ ಅಕ್ಕ, ಈ ತಿಂಗಳಿಗೆ ಖಲಾಸ್" ಎಂದರು. ಕೊಟ್ಟ ಚಹಾವನ್ನೂ ಕುಡಿಯಲಿಲ್ಲ.

ದೀಕ್ಷಿತಾಳದು ಅಮೆರಿಕದ ಸಿಲೆಬಸ್ಸು. ಮನೆ ಖಾಲಿ ಮಾಡುವ ಹೊತ್ತಿಗೆ ಅವಳಿಗೆ ವಯೋಮಿಂಗ್ ಎಂಬ ರಾಜ್ಯದ ಚರಿತ್ರೆ. ಅಪ್ಪನ ಶರ್ಟು ತುಂಬಿದ ಪೆಟ್ಟಿಗೆಯ ಮೇಲೆ ಚಾರ್ಟ್ ಹರವಿಕೊಂಡು ಬರೆಯುತ್ತಾಳೆ. ೧೮೬೯ರಲ್ಲೇ ಹೆಂಗಸರಿಗೆ ಓಟು ಕೊಟ್ಟ ಊರಂತೆ ಅದು. ರಾಜ್ಯವಾಗಿ ದೇಶಕ್ಕೆ ಸೇರಬೇಕಾದರೆ ಆ ಹಕ್ಕನ್ನು ತೆಗೆಯಿರಿ ಎಂದು ರಾಜಧಾನಿಯವರು ಹೇಳಿದಾಗ, 'ನೂರು ವರ್ಷ ಹೊರಗೇ ಇರುತ್ತೇವೆ, ನಮ್ಮ ಹೆಂಗಸರನ್ನು ಬಿಟ್ಟು ಬರುವುದಿಲ್ಲ' ಎಂದು ತಂತಿ ಕಳಿಸಿದರಂತೆ. ಅದನ್ನು ಕೆಂಪು ಅಕ್ಷರದಲ್ಲಿ ಬರೆದಿದ್ದಾಳೆ. ಮುಂದೆ ಅಲ್ಲಿಯ ಗವರ್ನರ್ ತೀರಿಕೊಂಡಾಗ ಜನ ಅವನ ಹೆಂಡತಿಯನ್ನೇ ಆರಿಸಿದರಂತೆ.

"ಸೋ ಅಮ್ಮಾ, ಯು ಟೇಕ್ ಪಪ್ಪಾಸ್ ಜಾಬ್" ಎಂದಳು.

"ನಂಗೆ ಲಾರಿ ಅಡಿಯಲ್ಲಿ ಮಲಗ್ಲಿಕ್ಕೆ ಬರುದಿಲ್ಲ ಮಾರಾಯ್ತಿ" ಎಂದೆ. ಇಬ್ಬರೂ ನಕ್ಕೆವು. ಆಮೇಲೆ ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹದಿನೆಂಟಕ್ಕೆ ಅವಳನ್ನು ಮಂಗಳೂರಿನ ವಿಮಾನ ಹತ್ತಿಸುತ್ತೇನೆ, ಭಾವ ಕರೆದುಕೊಳ್ಳಲು ಬರಲಿ. ಬಂಗುಡೆ ಎಂದರೆ ಅವಳಿಗೆ ಪ್ರಾಣ, ಆದರೆ ಮುಳ್ಳು ನೀನೇ ಬಿಡಿಸಿಕೊಡಬೇಕು. ನಾನು ಇಲ್ಲೇ ಸಿಲಿಕಾನ್ ಓಯಸಿಸ್‌ನಲ್ಲಿರುವ ಗೆಳತಿ ಅಶ್ಮಿತಾಳ ಮನೆಯ ಹಾಲ್‌ನಲ್ಲಿ ಇರುತ್ತೇನೆ, ವಿಸಿಟ್ ವೀಸಾ ಮಾಡಿಸುತ್ತಾಳಂತೆ. ಅದೂ ಮುಗಿದ ಮೇಲೆ ದೇವರಿದ್ದಾನೆ ಎಂದು ಬರೆಯಬೇಕು, ಆದರೆ ನನಗೆ ಯಾವ ದಾರಿಯೂ ಕಾಣುತ್ತಿಲ್ಲ ಅಕ್ಕ.

ರೋಷನ್‌ಗೂ ಬರುವ ಸೊಸೆಗೂ ಒಳ್ಳೆಯದಾಗಲಿ. ನನ್ನ ಅಕ್ಷತೆ ಇಲ್ಲಿಂದಲೇ.

ನಿನ್ನ ತಂಗಿ,
ಚಂದ್ರಮತಿ

ಇನ್ನೊಂದು ಮಾತು. ಅಂದು ನೀನು, "ಮದುವೆ ಮನೆ, ವರ್ಷ ಕಳಿಯದೆ ನೀನು ಎದುರಾಗುದು ಸರಿಯಲ್ಲ, ಹೆಣ್ಣಿನ ಕಡೆಯವ್ರು ಎಂತ ಹೇಳಿಯಾರು? ಈಗ ಮಗಳನ್ನು ಮಾತ್ರ ಕಳಿಸು, ನಿಂದು ಮತ್ತೆ ನೋಡುವ" ಎಂದಾಗ ಫೋನು ಸ್ಪೀಕರಿನಲ್ಲಿತ್ತು. ದೀಕ್ಷಿತಾ ಎಲ್ಲ ಕೇಳಿಸಿಕೊಂಡಳು. ನಿನ್ನನ್ನು ದೂರುವುದಿಲ್ಲ, ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಹೇಳುತ್ತಿದ್ದೆನೇನೋ. ಫೋನಿಟ್ಟು ಅವಳ ಮುಖ ನೋಡಿದೆ. ಆ ಕೆಂಪು ಅಕ್ಷರದ ಮಾತನ್ನು ಅವಳಾದರೂ ಹೇಳುತ್ತಾಳೆಂದು ಕಾದೆ. ಅವಳು ಮಾರ್ಕರಿಗೆ ಮುಚ್ಚಳ ಹಾಕಿ, "ಓಕೆ ಅಮ್ಮಾ, ಐ ವಿಲ್ ಗೋ" ಎಂದಳು.