ಮೂರು ಕಡೆ ಚುಚ್ಚಿ ನೋಡಿದ ಮೂಟೆ

ಚೆಟ್ಟಳ್ಳಿ
೩-೨-೨೦೨೬, ಮಂಗಳವಾರ

ಪ್ರೀತಿಯ ತಮ್ಮ ಕೀರ್ತಿಗೆ,

ನಿನ್ನ ಸುಧಕ್ಕನ ಆಶೀರ್ವಾದ. ಕೈಯ ಸುಟ್ಟ ಗಾಯ ಹೇಗಿದೆ? ಎಣ್ಣೆ ಸಿಡಿದ ಜಾಗಕ್ಕೆ ಟೂತ್‌ಪೇಸ್ಟ್ ಬಳಿದೆ ಅಂದೆಯಲ್ಲ, ಆರು ವರ್ಷ ಹೋಟೆಲ್ ಅಡುಗೆಮನೆಯಲ್ಲಿ ದುಡಿದವನಿಗೆ ಅಷ್ಟೂ ತಿಳಿಯಬೇಡವೇ. ಡಾಕ್ಟರಿಗೆ ತೋರಿಸು. ಊರವರಿಗೆಲ್ಲ ಬೇಯಿಸಿ ಹಾಕುವವನು ತಾನು ರೂಮಿಗೆ ಹೋಗಿ ಬ್ರೆಡ್ಡು ತಿಂದು ಮಲಗುತ್ತೀಯ, ಅದು ನನಗೆ ಗೊತ್ತು. ಹೊಟ್ಟೆ ಕಾಯಿಸಬೇಡ. ಇಲ್ಲಿ ನಾವೆಲ್ಲ ಸೌಖ್ಯ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ ಅಂದುಕೋ. ಅತ್ತೆಯ ಮಂಡಿನೋವು ಹಾಗೇ ಇದೆ. ಈ ಸಲ ರೊಬಸ್ಟಾ ಕಾಫಿ ಎಲ್ಲ ಕಡೆ ಒಟ್ಟಿಗೆ ಹಣ್ಣಾಗಿಬಿಟ್ಟಿದೆ, ನಿನ್ನ ಭಾವನಿಗೆ ಬೆಳಗಾದರೆ ಪಿಕ್ಕಿಂಗಿನವರನ್ನು ಜೀಪಿನಲ್ಲಿ ತುಂಬಿಕೊಂಡು ಬರುವುದು, ಸಂಜೆ ಅವರ ಲೈನ್‌ಮನೆಗಳಿಗೆ ಬಿಡುವುದು, ಇದೇ ಆಗಿದೆ. ಮನೆಯಲ್ಲಿ ನನ್ನ ಮುಖ ನೋಡಲೂ ಅವರಿಗೆ ಪುರುಸೊತ್ತಿಲ್ಲ. ಅದೊಂದು ಸದ್ಯಕ್ಕೆ ಒಳ್ಳೆಯದೇ ಆಯಿತು.

ಫೋನ್ ಬಿಟ್ಟು ಕಾಗದ ಯಾಕೆ ಅಂದುಕೊಳ್ಳುತ್ತೀಯ. ನನ್ನ ಫೋನು ಐದು ದಿನದಿಂದ ಆಫ್ ಆಗಿ ಅಕ್ಕಿ ಡಬ್ಬದೊಳಗೆ ಇದೆ. ನೀರಿಗೆ ಬಿತ್ತು, ಒಣಗಲಿ ಅಂತ ಇಟ್ಟಿದ್ದೇನೆ ಅಂತ ನಿನ್ನ ಭಾವನಿಗೆ ಸುಳ್ಳು ಹೇಳಿದ್ದೇನೆ. ಅದು ನೀರಿಗೆ ಬಿದ್ದಿಲ್ಲ ಕೀರ್ತಿ. ಅದನ್ನು ಮುಟ್ಟಲು ನನಗೆ ಹೆದರಿಕೆ. ಪಕ್ಕದ ಮನೆಯ ಅನುಪಮಾ ನೀನಿರುವ ಮಸ್ಕತ್ತಿನಲ್ಲೇ ಆಸ್ಪತ್ರೆಯಲ್ಲಿ ನರ್ಸ್ ಅಲ್ಲವೇ, ರಜೆ ಮುಗಿಸಿ ನಾಡಿದ್ದು ಗುರುವಾರ ವಿಮಾನ ಹತ್ತುತ್ತಾಳೆ. ಶುಕ್ರವಾರ ನಿನ್ನ ಕೈಗೇ ಕೊಡು ಅಂತ ಹೇಳಿ ಈ ಕವರನ್ನು ಅವಳಿಗೆ ಕೊಡುತ್ತಿದ್ದೇನೆ. ನಿನಗೆ ಸಂಬಳ ಬರುವುದು ಶನಿವಾರ. ಅದಕ್ಕೆ ಮೊದಲು ನೀನು ಇದನ್ನು ಓದಲೇಬೇಕು, ಪೂರ್ತಿ ಓದಬೇಕು.

ಭಾನುವಾರ ಭಾವನ ಫೋನಿಗೆ ಕರೆ ಮಾಡಿ ನೀನು ಏನು ಕೇಳಿದೆ, ನೆನಪಿದೆಯಾ? "ಅಕ್ಕ, ನಮ್ ರೂಮಲ್ಲಿ ಹುಡುಗ್ರು ಆನ್‌ಲೈನ್ ಕ್ಯಾಸಿನೊ ಆಡ್ತಾರೆ. ನೀನು ಹೋದ ವರ್ಷ ಚುಚ್ಚಿ ನೋಡಿ ಗೆದ್ದವಳಲ್ವಾ, ಇದು ಸೇಫಾ ಇಲ್ವಾ ಅಂತ ನೋಡಿ ಹೇಳು. ನೀನು ಹ್ಞೂಂ ಅಂದ್ರೆ ಸಂಬಳ ಬಂದ ತಕ್ಷಣ ಹಾಕ್ತೀನಿ." ಆಮೇಲೆ ಆ ಸೈಟಿನ ಹೆಸರು ಹೇಳಿದೆ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾನು ಆಡಿದ್ದೂ ಅದನ್ನೇ. ಭಾವ ಪಕ್ಕದಲ್ಲೇ ನಿಂತು ಹಲ್ಲುಕಡ್ಡಿ ಆಡಿಸುತ್ತಿದ್ದರು, ನಾನು ಏನು ಹೇಳಲಿ? "ಕಾಗದ ಕಳಿಸ್ತೀನಿ, ಅಲ್ಲಿವರೆಗೆ ಮುಟ್ಬೇಡ" ಅಂದೆ. ನೀನು ನಕ್ಕೆ, ಯಾವ ಕಾಲದಲ್ಲಿದ್ದೀಯ ಅಕ್ಕ ಅಂತ. ನಗು, ಪರವಾಗಿಲ್ಲ. ಆದರೆ ನೀನು ನನ್ನ ಮಾತಿನ ಮೇಲೆ ಅದರೊಳಗೆ ಇಳಿಯುತ್ತಿದ್ದೀಯ ಅನ್ನುವುದೇ ನನ್ನ ಎದೆಯ ಮೇಲೆ ಕಲ್ಲಿಟ್ಟ ಹಾಗೆ ಇದೆ. ಹೋದ ವರ್ಷ ಗೆದ್ದಾಗ ಬಾಯಿ ಮುಚ್ಚಿಕೊಂಡಿದ್ದರೆ ನಿನಗೆ ಈ ಆಸೆ ಹುಟ್ಟುತ್ತಿರಲಿಲ್ಲ. ಜಂಬ ಕೊಚ್ಚಿಕೊಂಡೆ. ಎಷ್ಟು ಗೆದ್ದೆ ಅಂತ ಹೇಳಿದೆನೇ ಹೊರತು ಆಮೇಲೆ ಏನಾಯಿತು ಅಂತ ಹೇಳಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಪೊನ್ನಪ್ಪ ಸಾಹುಕಾರರ ಗೋಡೌನಿಗೆ ಒಣಕಾಫಿ ಬಂದರೆ ಮೂಟೆಗೆ ಕೊಳವೆ ಚುಚ್ಚಿ ಮಾದರಿ ತೆಗೆಯುವುದು, ಸಿಪ್ಪೆ ಬಿಡಿಸುವುದು, ಐವತ್ತು ಕಿಲೋ ಮೂಟೆಗೆ ಎಷ್ಟು ಕಿಲೋ ಬೀಜ ಸಿಗುತ್ತದೆ ಅಂತ ತೂಗಿ ಹೇಳುವುದು. ಅದಕ್ಕೆ ಇಲ್ಲಿ ಎಲ್ಲರೂ ಓಟಿ ಅನ್ನುತ್ತಾರೆ. ಇಪ್ಪತ್ತಾರು ಬಂದರೆ ಬೆಳೆಗಾರನ ಮುಖ ಅರಳುತ್ತದೆ, ಇಪ್ಪತ್ತನಾಲ್ಕು ಅಂದರೆ ಸೊಟ್ಟಗಾಗುತ್ತದೆ, ಆದರೂ "ಸುಧಕ್ಕ ಹೇಳಿದ್ ಮೇಲೆ ಮುಗೀತು" ಅಂತ ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ಹನ್ನೊಂದು ವರ್ಷದಲ್ಲಿ ಒಬ್ಬರೂ ಎದುರು ಮಾತಾಡಿಲ್ಲ. ಮೂಟೆಯ ಬಾಯಲ್ಲಿ ಒಳ್ಳೆಯದನ್ನು ಹಾಕಿ ತಳದಲ್ಲಿ ಕರಿಕಾಳು ತುಂಬಿಸಿ ತರುವ ಜಾಣರಿದ್ದಾರೆ, ಅದಕ್ಕೇ ನಾನು ಮೂರು ಕಡೆ ಚುಚ್ಚುತ್ತೇನೆ: ಬಾಯಿ, ನಡು, ತಳ. ನನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ ಅಂದುಕೊಂಡಿದ್ದೆ. ನನ್ನನ್ನು ಕೆಡಿಸಿದ್ದು ಅದೇ ಹೆಮ್ಮೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೋಡೌನಿನ ಹಿಂದೆ ಮೂಟೆಯ ಮೇಲೆ ಕೂತು ಶುರು ಮಾಡಿದ್ದು. ಜೊತೆಗೆ ಕಾಳು ಆರಿಸುವ ಬೊಳ್ಳಮ್ಮ ಎಲೆಯಡಿಕೆ ಹಾಕಿಕೊಂಡು ತೂಕಡಿಸುತ್ತಿದ್ದಳು, ನಾನು ಫೋನಿನಲ್ಲಿ ಕ್ಯಾಸಿನೊದ ಚಕ್ರ ತಿರುಗಿಸುತ್ತಿದ್ದೆ. ಆ ಆಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಹಾಕಿದ ನೂರು ರೂಪಾಯಿಯಲ್ಲಿ ತೊಂಬತ್ತಾರು ಆಟಗಾರರಿಗೇ ವಾಪಸ್ ಹೋಗುತ್ತದೆ ಅಂತ. ನನ್ನ ದಡ್ಡತಲೆಗೆ ಅದು ಓಟಿಯ ಹಾಗೆ ಕಾಣಿಸಿತು. ಐವತ್ತಕ್ಕೆ ಇಪ್ಪತ್ತಾರು ಬಂದರೆ ಹಬ್ಬ ಮಾಡುವವಳು ನಾನು, ಇಲ್ಲಿ ನೂರಕ್ಕೆ ತೊಂಬತ್ತಾರು. ಇದಕ್ಕಿಂತ ಚಿನ್ನದಂಥ ಮಾಲು ಇನ್ನೆಲ್ಲಿದೆ ಅಂದುಕೊಂಡೆ. ಕಾಫಿಯನ್ನು ಒಂದು ಸಲ ಮಾತ್ರ ಸಿಪ್ಪೆ ಬಿಡಿಸುತ್ತೇವೆ, ಬೀಜ ಬಂತು, ತೂಗಿದೆವು, ಮುಗಿಯಿತು. ಅವರು ಅದೇ ಬೀಜವನ್ನು ಮತ್ತೆ ಮತ್ತೆ ಮಿಷನ್ನಿಗೆ ಹಾಕಿಸುತ್ತಾರೆ. ನೂರು ಹಾಕಿದರೆ ತೊಂಬತ್ತಾರು, ಆ ತೊಂಬತ್ತಾರನ್ನು ಹಾಕಿದರೆ ತೊಂಬತ್ತೆರಡು. ಅದೂ ಸರಾಸರಿ ಲೆಕ್ಕ, ನಡುವೆ ಒಮ್ಮೊಮ್ಮೆ ಮುನ್ನೂರು ಬಂದು ಕಣ್ಣು ಕುಕ್ಕುತ್ತದೆ, ಅದನ್ನೂ ಮತ್ತೆ ಹಾಕುತ್ತೀಯ. ಅರ್ಧ ಗಂಟೆಯಲ್ಲಿ ಇನ್ನೂರು ಸಲ ಬೆರಳು ಒತ್ತುತ್ತಿದ್ದೆ. ಕೊನೆಗೆ ಉಳಿಯುವುದು ಏನು? ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇದು ಮೋಸ ಮಾಡದ, ನೆಟ್ಟಗೆ ನಡೆಯುವ ಕ್ಯಾಸಿನೊದ ಕಥೆ ಕೀರ್ತಿ. ಅಲ್ಲಿ ಯಾರೂ ನಿನ್ನ ಜೇಬಿಗೆ ಕೈ ಹಾಕುವುದಿಲ್ಲ, ಲೆಕ್ಕವೇ ಹಾಗಿದೆ. ಚಕ್ರ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಕಂಪ್ಯೂಟರ್ ಪ್ರತಿ ಸಲವೂ ಹೊಸದಾಗಿ ಅಂಕಿ ಎತ್ತಿ ತೀರ್ಮಾನಿಸುತ್ತದೆ, ಹಿಂದೆ ಹತ್ತು ಸಲ ಸೋತೆ ಅಂತ ಹನ್ನೊಂದನೆಯದರಲ್ಲಿ ಅದಕ್ಕೆ ಕನಿಕರ ಬರುವುದಿಲ್ಲ. ಈ ಸಲ ಬಂದೇ ಬರುತ್ತದೆ ಅಂತ ಅನ್ನಿಸುವುದು ನಮ್ಮ ತಲೆಗೆ ಮಾತ್ರ.

ಸೇಫ್ ಯಾವುದು ಅಂತ ನೋಡುವುದು ಹೇಗೆ ಅಂತ ಕೇಳಿದೆಯಲ್ಲ, ನಾನು ನೋಡಿದ್ದನ್ನೇ ಹೇಳುತ್ತೇನೆ. ಸೈಟಿನ ವಿಳಾಸದ ಪಕ್ಕ ಬೀಗದ ಗುರುತು ಇದೆಯಾ ಅಂತ ನೋಡಿದೆ, ಇತ್ತು. ಅದು ದಾರಿಗೆ ಬೀಗವೇ ಹೊರತು ಮನೆಯೊಳಗಿರುವವನು ಕಳ್ಳನಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ ಅಂತ ಆಗ ತಿಳಿಯಲಿಲ್ಲ. ಯಾವುದೋ ದ್ವೀಪದ ಸರ್ಕಾರದ ಲೈಸೆನ್ಸ್ ಮುದ್ರೆ ಇತ್ತು. ಆ ಮುದ್ರೆ ಬರೀ ಚಿತ್ರ. ನಂಬರನ್ನು ಆ ಸರ್ಕಾರದ ಪಟ್ಟಿಯಲ್ಲೇ ಹೋಗಿ ಹುಡುಕಬೇಕಿತ್ತು, ನಾನು ಹುಡುಕಲಿಲ್ಲ. ಹೊಗಳಿ ಬರೆದವರ ಮಾತುಗಳನ್ನು ಓದಿದೆ, ಎಲ್ಲರೂ ಒಂದೇ ವಾರದಲ್ಲಿ, ಒಂದೇ ಧಾಟಿಯಲ್ಲಿ ಹೊಗಳಿದ್ದಾರೆ ಅನ್ನುವುದು ಹೊಳೆಯಲಿಲ್ಲ. ನಮ್ಮ ದೇಶದಲ್ಲಂತೂ ದುಡ್ಡಿನ ಆಟಗಳನ್ನೆಲ್ಲ ಹೋದ ವರ್ಷ ಕಾನೂನು ತಂದು ನಿಲ್ಲಿಸಿದ್ದಾರೆ. ನಿಂತ ಮೇಲೂ ಈ ಸೈಟಿನವರು ಆಡುವವರ ವಾಟ್ಸಾಪ್ ಗುಂಪಿಗೆ ಹೊಸ ಹೊಸ ಲಿಂಕು ಕಳಿಸುತ್ತಿದ್ದರು, ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ದುಡ್ಡು ಕಟ್ಟಲು ಹೋದರೆ ಇವತ್ತು ಯಾವುದೋ ಬಟ್ಟೆ ಅಂಗಡಿಯ ಹೆಸರು ಬರುತ್ತಿತ್ತು, ನಾಳೆ ಯಾರೋ ಒಬ್ಬ ಹೆಂಗಸಿನ ಹೆಸರು. ನೆಟ್ಟಗಿರುವ ವ್ಯಾಪಾರಿ ದಿನಕ್ಕೊಂದು ಹೆಸರಲ್ಲಿ ದುಡ್ಡು ಇಸಕೊಳ್ಳುತ್ತಾನಾ? ಸಾಹುಕಾರರು ಹಾಗೆ ಮಾಡಿದ್ದರೆ ನಾನೇ ಮೊದಲು ಅನುಮಾನ ಪಡುತ್ತಿದ್ದೆ.

ಆಮೇಲೆ ನನ್ನ ಹಳೇ ವಿದ್ಯೆ ತೋರಿಸಿದೆ. ಮೂರು ಕಡೆ ಚುಚ್ಚಿದೆ. ಐನೂರು ಗೆದ್ದು ವಾಪಸ್ ಕೇಳಿದೆ, ಐದು ನಿಮಿಷದಲ್ಲಿ ಬಂತು. ಎರಡು ಸಾವಿರ ಕೇಳಿದೆ, ಬಂತು. ಎಂಟು ಸಾವಿರ ಕೇಳಿದೆ, ಅದೂ ಬಂತು. ಬಾಯಿ, ನಡು, ತಳ ಮೂರೂ ಒಳ್ಳೆಯದೇ, ಇನ್ನೇನು ಬೇಕು ಅಂತ ನಿನಗೆ ಫೋನ್ ಮಾಡಿ ಕೊಚ್ಚಿಕೊಂಡಿದ್ದು ಆವತ್ತೇ. ಕಾಫಿ ಮೂಟೆಗೆ ನಾನು ಚುಚ್ಚುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲ, ಒಳಗೆ ಏನಿದೆಯೋ ಅದೇ ಕೊಳವೆಗೆ ಬರುತ್ತದೆ. ಇವರಿಗೆ ಗೊತ್ತಿತ್ತು. ಚುಚ್ಚುವವರಿಗಾಗಿಯೇ ಮೂರು ಕಡೆ ಒಳ್ಳೆ ಕಾಳು ಇಟ್ಟಿದ್ದರು. ನಾನು ಧೈರ್ಯವಾಗಿ ದೊಡ್ಡದು ಹಾಕಿದೆ, ಗಿರವಿ ಇಟ್ಟ ನನ್ನ ಬಳೆ ಬಿಡಿಸಲು ಇಟ್ಟಿದ್ದ ದುಡ್ಡೂ ಹೋಯಿತು. ಒಂದು ದಿನ ನಿಜವಾಗಿಯೂ ದೊಡ್ಡ ಮೊತ್ತ ಗೆದ್ದೆ, ಕೂಡಲೇ ವಾಪಸ್ ಕೇಳಿದೆ. ಆಗ ಆಧಾರ್ ಕೇಳಿದರು, ಕಳಿಸಿದೆ. ಫೋಟೊ ಸರಿಯಿಲ್ಲ ಅಂದರು. ಬೋನಸ್ ತಗೊಂಡಿದ್ದೀರಿ, ಅದರ ಮೂವತ್ತು ಪಟ್ಟು ಆಡಿದ ಮೇಲಷ್ಟೇ ಕೊಡುತ್ತೇವೆ ಅಂದರು. ಆಡಿದೆ. ಮೂವತ್ತು ಪಟ್ಟು ಮುಗಿಯುವಷ್ಟರಲ್ಲಿ ಗೆದ್ದದ್ದೂ ಇಲ್ಲ, ಹಾಕಿದ್ದೂ ಇಲ್ಲ. ಹಾಕುವಾಗ ಏನೂ ಕೇಳದೆ ತೆಗೆಯುವಾಗ ನೂರೆಂಟು ಕೇಳುವವರನ್ನು ನಂಬಬಾರದು ಅನ್ನುವುದು ಈಗ ಗೊತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಫೋನು ಅಕ್ಕಿ ಡಬ್ಬಕ್ಕೆ ಹೋಗಿದ್ದು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಆಟ ಬಿಟ್ಟ ಮೂರನೇ ದಿನ ಅವರ ಕಡೆಯಿಂದ ಒಬ್ಬ ಕರೆ ಮಾಡಿದ. ತುಂಬ ಮರ್ಯಾದೆಯವನು, ಕನ್ನಡದಲ್ಲೇ ಮಾತಾಡಿದ. "ಮೇಡಂ, ಮೂರು ದಿನದಿಂದ ಕಾಣ್ತಿಲ್ಲ, ಹುಷಾರಿಲ್ವಾ? ಊಟದ ಟೈಮಲ್ಲಿ ಬರೋರು ನೀವು" ಅಂದ. ನಾನು ಊಟದ ಹೊತ್ತಿಗೆ ಆಡುತ್ತೇನೆ ಅನ್ನುವುದು ನನ್ನ ಗಂಡನಿಗೆ ಗೊತ್ತಿಲ್ಲ, ಪಕ್ಕದಲ್ಲಿ ಕೂತ ಬೊಳ್ಳಮ್ಮನಿಗೆ ಗೊತ್ತಿಲ್ಲ, ಅವನಿಗೆ ಗೊತ್ತಿತ್ತು. ಎರಡು ಸಾವಿರ ಉಚಿತವಾಗಿ ಹಾಕಿದ್ದೇನೆ, ಬಂದು ಆಡಿ ಅಂದ. ಕೀರ್ತಿ, ಸುಳ್ಳು ಹೇಳುವುದಿಲ್ಲ, ಅವನ ಭಯಕ್ಕಿಂತ ನನಗೆ ನನ್ನ ಭಯವೇ ಹೆಚ್ಚಾಯಿತು, ಯಾಕೆಂದರೆ ಆ ಎರಡು ಸಾವಿರ ಅಂದ ಕೂಡಲೇ ನನ್ನ ಹೆಬ್ಬೆರಳು ತಾನಾಗಿಯೇ ಫೋನಿನ ಕಡೆ ಹೋಯಿತು. ಈಗಲೂ ಅನ್ನ ಮಾಡಲು ಅಕ್ಕಿ ಡಬ್ಬ ತೆಗೆದರೆ ಕೈ ಆಚೀಚೆ ತಡಕುತ್ತದೆ. ಗೋಡೌನಿನ ಮುಂದೆ ಯಾವ ಜೀಪು ನಿಂತರೂ ನನ್ನ ಜೀವ ಬಾಯಿಗೆ ಬರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿದೆ ನನ್ನ ಬಾಳು. ಮೊನ್ನೆ ಇಪ್ಪತ್ತಾರು ಓಟಿಯ ಕಾಫಿಗೆ ಇಪ್ಪತ್ತೆರಡು ಅಂತ ಹೇಳಿಬಿಟ್ಟೆ. ಗಾಳಿಬೀಡಿನ ಆ ಬೆಳೆಗಾರ ದುಡ್ಡು ಎಣಿಸಿಕೊಂಡು ಹೊರಟೇಬಿಟ್ಟ, ಸುಧಕ್ಕ ಹೇಳಿದ ಮೇಲೆ ಮುಗಿಯಿತಲ್ಲ. ಓಡಿಹೋಗಿ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ ಮತ್ತೆ ತೂಗಿ ಕೊಟ್ಟೆ. ಬೊಳ್ಳಮ್ಮ "ಏನಾಗ್ಯದೆ ನಿಂಗೆ, ಕಣ್ಣೆಲ್ಲಿ ಇಟ್ಟಿದ್ದೀಯ" ಅಂದಳು. ನಾನು ತಲೆನೋವು ಅಂದೆ.

ಅದಕ್ಕೇ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಲೈಸೆನ್ಸ್ ನಿಜ, ಹೆಸರು ನಿಜ, ಕೇಳಿದ ತಕ್ಷಣ ದುಡ್ಡು ಕೊಡುವವರು, ಇಷ್ಟಕ್ಕಿಂತ ಹೆಚ್ಚು ಆಡಬೇಡ ಅಂತ ನಾವೇ ಹಾಕಿಕೊಂಡ ಮಿತಿಗೆ ಬೆಲೆ ಕೊಡುವವರು, ಅಂಥ ಕ್ಯಾಸಿನೊ ಎಲ್ಲೋ ಇರಬಹುದು. ಅಲ್ಲಿ ಹೇಳಿದ ಪ್ರಮಾಣದಲ್ಲಿ ಮಾತ್ರ ಕಳೆದುಕೊಳ್ಳುತ್ತೀಯ, ಅಷ್ಟೇ ಸೇಫು. ನೀನಿರುವ ದೇಶದಲ್ಲೂ ಇದು ಅಪರಾಧವಂತೆ, ಅನುಪಮಾ ಹೇಳಿದಳು. ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ವೀಸಾವೂ ಹೋಯಿತು. ಮೊದಲು ಸ್ವಲ್ಪ ಹಾಕಿ ನೋಡುತ್ತೇನೆ ಅನ್ನಬೇಡ. ಸ್ವಲ್ಪ ಹಾಕಿ ನೋಡಿದವಳೇ ಬರೆಯುತ್ತಿದ್ದಾಳೆ. ರೂಮಿನ ಹುಡುಗರು ಅಂಜುಬುರುಕ ಅಂತ ನಕ್ಕರೆ ನಗಲಿ ಬಿಡು.

ಆರೋಗ್ಯ ಜೋಪಾನ. ಅತ್ತೆ ನಿನ್ನನ್ನು ದಿನಾ ಕೇಳುತ್ತಾರೆ, ಕೀರ್ತಿಕುಮಾರ ಬಂದರೆ ಅಕ್ಕಿರೊಟ್ಟಿ ನಾನೇ ತಟ್ಟಿ ಕೊಡುತ್ತೇನೆ ಅನ್ನುತ್ತಾರೆ, ಆ ಮಂಡಿ ಇಟ್ಟುಕೊಂಡು. ಅನುಪಮಾ ಜೊತೆ ಕಾಫಿಪುಡಿ, ಕಾಳುಮೆಣಸು ಕಳಿಸಿದ್ದೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನಗೆ ನನ್ನ ಬುದ್ಧಿ ಬಾರದಿರಲಿ.

ಇಂತಿ,
ನಿನ್ನ ಅಕ್ಕ
ಸುಧಾ

ಮತ್ತೆ: ಅನುಪಮಾ ಬಾಗಿಲಲ್ಲಿ ಕವರಿಗೆ ಕಾಯುತ್ತಿದ್ದಾಳೆ. ಮೇಲೆ ಅಷ್ಟೆಲ್ಲ ಬರೆದರೂ ಇದೊಂದನ್ನು ಬರೆಯಲು ಧೈರ್ಯ ಸಾಲಲಿಲ್ಲ. ಕೇಳು. ಮೂರು ಸಲ ಚುಚ್ಚಿ ತೆಗೆದ ದುಡ್ಡು ನನ್ನ ಖಾತೆಗೆ ಬಂದಿದ್ದಲ್ಲ. ನನ್ನ ಬ್ಯಾಂಕಿನ ಮೆಸೇಜು ಭಾವನ ಫೋನಿಗೆ ಹೋಗುತ್ತದೆ, ಅದಕ್ಕೇ ಕಟ್ಟುವಾಗ ಮೊಬೈಲ್ ಅಂಗಡಿಯವನಿಗೆ ನಗದು ಕೊಟ್ಟು ಹಾಕಿಸುತ್ತಿದ್ದೆ, ತೆಗೆಯಲು ನೀನು ಮನೆ ಜಾಗ ಕೊಳ್ಳಲು ದುಡ್ಡು ಕಳಿಸುವ ನಿನ್ನ ಖಾತೆಯ ನಂಬರನ್ನೇ ಕೊಟ್ಟಿದ್ದೆ, ನಿನ್ನ ಪಾಸ್‌ಬುಕ್ಕು ಹೇಗೂ ನನ್ನ ಹತ್ತಿರವೇ ಇತ್ತು, ಅದರ ಮೆಸೇಜೂ ನನ್ನ ಫೋನಿಗೇ ಬರುತ್ತಿತ್ತಲ್ಲ. ನಿನ್ನ ದುಡ್ಡನ್ನು ಒಂದು ಪೈಸೆಯೂ ಮುಟ್ಟಿಲ್ಲ. ಆದರೆ ಹೋದ ಶುಕ್ರವಾರ ನಿನ್ನ ಪಾಸ್‌ಬುಕ್ಕು ಬರೆಸಲು ಹೋದಾಗ ಬ್ಯಾಂಕಿನವರು ಹೇಳಿದರು, ಬೇರೆ ರಾಜ್ಯದ ಪೊಲೀಸರು ಆ ಖಾತೆಯನ್ನು ತಡೆಹಿಡಿಸಿದ್ದಾರೆ. ಆ ಎಂಟು ಸಾವಿರ ಯಾರೋ ಒಬ್ಬ ವಯಸ್ಸಾದ ಟೀಚರಮ್ಮನಿಂದ ಮೋಸ ಮಾಡಿ ಕಿತ್ತ ದುಡ್ಡಂತೆ. ನಾಲ್ಕು ವರ್ಷದಿಂದ ನೀನು ಕಳಿಸಿದ ದುಡ್ಡೆಲ್ಲ ಅದರ ಜೊತೆ ಸಿಕ್ಕಿಕೊಂಡಿದೆ, ಕೇಸಿನಲ್ಲಿರುವುದು ನಿನ್ನ ಹೆಸರು. ಪೊಲೀಸರು ನಿನಗೆ ಫೋನ್ ಮಾಡುತ್ತಾರೆ. ಅಕ್ಕನ ಮಾನ ಉಳಿಸುತ್ತೇನೆ ಅಂತ "ನಾನೇ ಆಡಿದ್ದು" ಅನ್ನಬೇಡ, ನೀನು ಅನ್ನುವವನೇ, ಅದಕ್ಕೇ ನನಗೆ ಹೆದರಿಕೆ. ನಾಳೆ ನಾನು ಮಡಿಕೇರಿಯ ಸೈಬರ್ ಠಾಣೆಗೆ ಹೋಗಿ ಬರೆದುಕೊಡುತ್ತೇನೆ, ಭಾವನಿಗೆ ಇವತ್ತು ಸಂಜೆಯೇ ಹೇಳುತ್ತೇನೆ. ನೀನು ಹೇಳಬೇಕಾದದ್ದು ಇಷ್ಟು, ಬಾಯಿಪಾಠ ಮಾಡಿಕೋ: ಆಡಿದವಳು ನನ್ನ ಅಕ್ಕ, ಹೆಸರು ಸುಧಾ, ಗಂಡನ ಹೆಸರು ನಾಗಾರ್ಜುನ, ಚೆಟ್ಟಳ್ಳಿಯ ಕಾಫಿ ಗೋಡೌನಿನಲ್ಲಿ ಕೆಲಸ, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅಲ್ಲೇ ಸಿಗುತ್ತಾಳೆ.