ಹೆಸರಿನ ಮುಂದಿನ ‘ಸಣ್ಣ’

ಕುದಾಪುರ

ದೊಡ್ಡವ್ವನಿಗೆ ಕಾವ್ಯ ಮಾಡುವ ನಮಸ್ಕಾರಗಳು.

ನಾನು ನಿಮ್ಮ ತಂಗಿಯ ಮಗಳು. ನಿಮ್ಮನ್ನು ನೋಡಿಲ್ಲ, ಹೋದ ವಾರದವರೆಗೆ ನೀವಿದ್ದೀರಿ ಎಂಬುದೂ ಗೊತ್ತಿರಲಿಲ್ಲ.

ಅವ್ವನ ಆಧಾರ್ ಕಾರ್ಡನ್ನು ಕುರಿಮರಿ ಅಗಿದು ಹಾಕಿತ್ತು. ಹೊಸದು ಮಾಡಿಸಲು ಚಳ್ಳಕೆರೆಗೆ ಹೋಗಿದ್ದೆವು. ಆಧಾರ್‌ನಲ್ಲಿ ಸಣ್ಣಕರಿಯಕ್ಕ ಎಂದಿದೆ, ರೇಷನ್ ಕಾರ್ಡಿನಲ್ಲಿ ಬರೀ ಕರಿಯಕ್ಕ. ಊರವರು ಕರೆಯುವುದೂ ಹಾಗೆಯೇ. ಕಂಪ್ಯೂಟರ್ ಮುಂದಿದ್ದ ಹುಡುಗಿ, “ಎರಡೂ ಒಂದೇ ಇರ್ಬೇಕಮ್ಮ. ‘ಸಣ್ಣ’ ತೆಗೆದುಬಿಡ್ಲಾ?” ಎಂದಳು.

ಅವ್ವ ಸೆರಗು ಸರಿಮಾಡಿಕೊಂಡು, “ಬ್ಯಾಡ ತಾಯಿ. ದೊಡ್ಡಕರಿಯಕ್ಕ ಇನ್ನೂ ಅದಾಳೆ” ಎಂದಳು.

ಯಾರವ್ವ ಅದು ಎಂದು ದಾರಿಯುದ್ದಕ್ಕೂ ಕೇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಿ.ಜಿ. ಕೆರೆ ಎಂದು ಕೂಗಿದಾಗ ಮಾತ್ರ ಅವ್ವ ಹೊರಳಿ ನೋಡಿದಳು. ಅದು ನಿಮ್ಮೂರೆಂದು ಆಮೇಲೆ ತಿಳಿಯಿತು. ನಿಮ್ಮ ವಿಳಾಸ ಕೊಟ್ಟವರು ದೇವಸಮುದ್ರದ ಮಾವ. “ಮನೆದೇವ್ರ ಹೆಸ್ರು ಇಬ್ರಿಗೂ ಇಟ್ಟಿದ್ರು ಕಣಮ್ಮ. ಜಗಳದ ವಿಷ್ಯ ಮಾತ್ರ ನನ್ನ ಕೇಳಬ್ಯಾಡ” ಎಂದು ಫೋನಿಟ್ಟರು.

ನಿಮ್ಮನ್ನೂ ಅದನ್ನು ಕೇಳುವುದಿಲ್ಲ. ಈಗ ರೇಷನ್ ಕಾರ್ಡಿಗೇ ‘ಸಣ್ಣ’ ಸೇರಿಸಲು ಅರ್ಜಿ ಕೊಟ್ಟಿದ್ದೇವೆ. ಅದಕ್ಕೆ ಮತ್ತೆ ಮತ್ತೆ ಚಳ್ಳಕೆರೆಗೆ ಅಲೆಯಬೇಕು. ಮಂಡಿನೋವಿದ್ದರೂ ಅವ್ವ ಅಲೆಯುತ್ತಾಳಂತೆ.

ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಒಂದೇ ಒಂದು ವಿಷಯ ತಿಳಿಸಿ, ಸಾಕು. ನಿಮ್ಮ ಕಾರ್ಡಿನಲ್ಲಿ ‘ದೊಡ್ಡ’ ಇನ್ನೂ ಇದೆಯೇ?

ನಿಮ್ಮ ಸಣ್ಣಕರಿಯಕ್ಕನ ಮಗಳು,
ಕಾವ್ಯ